ತೊಗರಿ ಕಟ್ಟಿಗೆ, ಕಬ್ಬಿನ ರವದಿ, ಹತ್ತಿ ಕಟ್ಟಿಗೆ: ಸುಡುವುದಾ, ಪುಡಿ ಮಾಡುವುದಾ, ಮನೆಗೆ ತರುವುದಾ?

ರಾಶಿ ಮುಗಿದು ತೊಗರಿ ಚೀಲ ಮನೆ ಸೇರಿದ ಮೇಲೆ ಹೊಲದಲ್ಲಿ ಉಳಿಯುವುದು ಕಟ್ಟಿಗೆ. ಜನವರಿ ಕೊನೆಯಿಂದ ಫೆಬ್ರುವರಿವರೆಗೆ ಕಲಬುರಗಿಯಿಂದ ಜೇವರ್ಗಿ, ಆಳಂದ, ಚಿಂಚೋಳಿ ಯಾವ ದಾರಿ ಹಿಡಿದರೂ ಸಂಜೆ ಹೊತ್ತಿಗೆ ಎಲ್ಲೋ ಒಂದು ಕಡೆ ಹೊಗೆ ಏಳುತ್ತಿರುತ್ತದೆ. ಬೀದರ್ ಕಡೆ ಹೋದರೆ ಕಬ್ಬಿನ ರವದಿಗೆ, ಅಂದರೆ ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ, ಬೆಂಕಿ. ಶಹಾಪುರ, ಸುರಪುರದ ಕಡೆ ಹತ್ತಿ ಕಟ್ಟಿಗೆಯ ಗುಡ್ಡೆಗೆ ಬೆಂಕಿ.

"ಒಂದು ಕಡ್ಡಿ ಗೀರಿದ್ರ ಹೊಲ ಸ್ವಚ್ಛ ಆಗ್ತದ. ಅದಕ್ಯಾಕ ಇಷ್ಟು ತಲಿ ಕೆಡಿಸ್ಕೋತಿ?" ಅಂತ ನಮ್ಮ ಕಡೆಯ ಕಾಕಾಗಳು ಕೇಳುತ್ತಾರೆ. ಅವರ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕೂಲಿ ಆಳು ಸಿಗುವುದಿಲ್ಲ. ಎತ್ತು ಇರುವ ಮನೆ ಕಡಿಮೆಯಾಗಿವೆ. ತೊಗರಿ ಕೊಯ್ದು ಉಳಿದ ಮೋಟು ಚೂಪಾಗಿರುತ್ತದೆ, ಕಾಲಿಗೆ ಚುಚ್ಚುತ್ತದೆ, ಟ್ರ್ಯಾಕ್ಟರ್ ಟೈರಿಗೂ ಚುಚ್ಚುತ್ತದೆ. ಅದನ್ನು ಹಾಗೇ ಬಿಟ್ಟು ಮುಂದಿನ ಬೆಳೆಗೆ ಹೊಲ ಹದ ಮಾಡಲು ಆಗುವುದಿಲ್ಲ. ಹಾಗಾಗಿ "ಸುಡಬೇಡಿ" ಅಂದರೆ ಸಾಲದು. ಬದಲಿಗೆ ಏನು, ಅದಕ್ಕೆ ಎಷ್ಟು ಕೆಲಸ, ಯಾರ ಹೊಲಕ್ಕೆ ಯಾವುದು ಹೊಂದುತ್ತದೆ ಅನ್ನುವುದನ್ನು ಹೇಳಬೇಕು. ಈ ಬರಹ ಅದಕ್ಕೇ.

ಮೊದಲೇ ಒಂದು ಮಾತು. ಎಲ್ಲರಿಗೂ ಒಂದೇ ಉತ್ತರ ಇಲ್ಲ. ನಿಮ್ಮ ಹೊಲದಲ್ಲಿ ರೋಗ ಇದೆಯಾ, ನೀರಿದೆಯಾ, ಯಂತ್ರ ಎಷ್ಟು ಹತ್ತಿರ ಸಿಗುತ್ತದೆ, ಈ ಮೂರರ ಮೇಲೆ ಆಯ್ಕೆ ನಿಂತಿದೆ. ಅದರಲ್ಲೂ ರೋಗದ ಪ್ರಶ್ನೆ ಮೊದಲು.

ಕಡ್ಡಿ ಗೀರಿದರೆ ಖರ್ಚೇ ಇಲ್ವಾ?

ಕೈಯಿಂದ ದುಡ್ಡು ಹೋಗುವುದಿಲ್ಲ, ನಿಜ. ಆದರೆ ಹೊಲದಿಂದ ಹೋಗುತ್ತದೆ. ಭತ್ತದ ಹುಲ್ಲಿನ ಮೇಲೆ ಮಾಡಿದ, ಎಲ್ಲ ಕಡೆ ಬಳಸುವ ಲೆಕ್ಕ ಒಂದಿದೆ. ಒಂದು ಟನ್ ಹುಲ್ಲು ಸುಟ್ಟರೆ ಸುಮಾರು 3 ಕೆಜಿ ಸಣ್ಣ ಕಣ, 60 ಕೆಜಿ ಕಾರ್ಬನ್ ಮಾನಾಕ್ಸೈಡ್, 1,460 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತವೆ. ಹುಲ್ಲಿನಲ್ಲಿದ್ದ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ರಂಜಕದಲ್ಲಿ ಕಾಲು ಭಾಗ, ಪೊಟ್ಯಾಷ್‌ನಲ್ಲಿ ಐದನೇ ಒಂದು ಭಾಗ ಹೋಗುತ್ತದೆ. ತೊಗರಿ ಕಟ್ಟಿಗೆ ಗಟ್ಟಿ, ಅದರ ಅಂಕಿ ಸ್ವಲ್ಪ ಬೇರೆ ಬರಬಹುದು. ಆದರೆ ದಿಕ್ಕು ಇದೇ.

ನಮ್ಮಲ್ಲಿ ಒಣಬೇಸಾಯದ ತೊಗರಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ, ಕಾಳಿನ ಎರಡೂವರೆ ಪಟ್ಟು ತೂಕದ ಕಟ್ಟಿಗೆ ಬರುತ್ತದೆ. ಅಂದರೆ ಎಕರೆಗೆ ಒಂದು ಟನ್ ಆಸುಪಾಸು. ನಾಲ್ಕು ಎಕರೆ ಇದ್ದವರ ಹೊಲದಲ್ಲಿ ನಾಲ್ಕು ಟನ್. ಮೇಲಿನ ಲೆಕ್ಕ ಹಿಡಿದರೆ ಒಂದು ಸಂಜೆಯಲ್ಲಿ ಹತ್ತು ಹನ್ನೆರಡು ಕೆಜಿ ಸಣ್ಣ ಕಣ. ಕೇಳಲು ಕಡಿಮೆ ಅನ್ನಿಸುತ್ತದೆ, ಆದರೆ ಈ ಕಣವನ್ನು ಅಳೆಯುವುದೇ ಒಂದು ಘನ ಮೀಟರ್ ಗಾಳಿಗೆ ಎಷ್ಟು ಮೈಕ್ರೋಗ್ರಾಂ ಅಂತ. ನಮ್ಮ ದೇಶದ ಮಿತಿ ಪಿಎಂ 2.5ಕ್ಕೆ (2.5 ಮೈಕ್ರಾನ್‌ವರೆಗಿನ ಅತಿ ಸಣ್ಣ ಕಣ) ವರ್ಷದ ಸರಾಸರಿ 40 ಮೈಕ್ರೋಗ್ರಾಂ, ಪಿಎಂ 10ಕ್ಕೆ (10 ಮೈಕ್ರಾನ್‌ವರೆಗಿನ ಕಣ) 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ ಇನ್ನೂ ಬಿಗಿ: 5 ಮತ್ತು 15. ಒಂದು ಗ್ರಾಂನಲ್ಲಿ ಹತ್ತು ಲಕ್ಷ ಮೈಕ್ರೋಗ್ರಾಂ ಇವೆ ಅನ್ನುವುದನ್ನು ನೆನಪಿಟ್ಟುಕೊಂಡು ಆ ಹನ್ನೆರಡು ಕೆಜಿಯನ್ನು ಮತ್ತೆ ನೋಡಿ.

ಕಲಬುರಗಿ ನಗರ ಗಾಳಿಯ ವಿಷಯದಲ್ಲಿ ಮೊದಲೇ ಪಟ್ಟಿಯಲ್ಲಿದೆ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಹೆಸರು ಬಂದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ನಗರದ ಗಾಳಿ ಕೆಡಲು ರಸ್ತೆ ಧೂಳು, ವಾಹನ, ಕಟ್ಟಡ ಕೆಲಸ ಎಲ್ಲ ಕಾರಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಸುಣ್ಣದ ಕಲ್ಲಿನ ಗಣಿ ಮತ್ತು ಸಿಮೆಂಟಿನ ಧೂಳು ಬೇರೆ. ರೈತ ಒಬ್ಬನೇ ಕೆಡಿಸಿದ ಅಂತ ಹೇಳುವುದು ಅನ್ಯಾಯ. ಆದರೆ ಕಟ್ಟಿಗೆಯ ಹೊಗೆ ಬರುವ ಕಾಲವೇ ಕೆಟ್ಟದ್ದು. ಚಳಿಗಾಲದ ಸಂಜೆ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಹೊಗೆ ಮೇಲೇರದೆ ಊರಿನ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಉಬ್ಬಸ ಇರುವ ಮುದುಕರು ಆ ವಾರಗಳಲ್ಲಿ ರಾತ್ರಿಯಿಡೀ ಕೆಮ್ಮುವುದು ಅದಕ್ಕೇ.

ಹವಾಮಾನದ ಬದಲಾವಣೆಯ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ಕಟ್ಟಿಗೆ ಸುಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಅದೇ ವರ್ಷ ಗಿಡ ಗಾಳಿಯಿಂದ ತೆಗೆದುಕೊಂಡದ್ದು. ಕಲ್ಲಿದ್ದಲಿನ ಹಾಗೆ ಭೂಮಿಯೊಳಗಿಂದ ಹೊಸದಾಗಿ ಬಂದದ್ದಲ್ಲ. ಹಾಗಾಗಿ ಆ 1,460 ಕೆಜಿ ನೋಡಿ ಗಾಬರಿಯಾಗಬೇಕಿಲ್ಲ. ನಿಜವಾದ ನಷ್ಟ ಬೇರೆ ಕಡೆ: ಹೊಗೆಯಲ್ಲಿರುವ ಕಪ್ಪು ಮಸಿ ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ, ಅರೆಬರೆ ಉರಿದಾಗ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಬರುತ್ತವೆ, ಮಣ್ಣಿನಲ್ಲಿ ಉಳಿಯಬಹುದಾಗಿದ್ದ ಇಂಗಾಲ ಉಳಿಯುವುದಿಲ್ಲ. ನಮ್ಮ ಎರೆಮಣ್ಣಿನಲ್ಲಿ ಸಾವಯವ ಇಂಗಾಲ ಮೊದಲೇ ಕಡಿಮೆ. ಮಣ್ಣು ಪರೀಕ್ಷೆ ಕಾರ್ಡ್ ಇದ್ದರೆ ತೆಗೆದು ನೋಡಿ, ಬಹಳ ಜನರದ್ದರಲ್ಲಿ ಅರ್ಧ ಪರ್ಸೆಂಟಿಗಿಂತ ಕೆಳಗೇ ಇರುತ್ತದೆ.

ತೊಗರಿ: ಮೊದಲು ಒಂದು ಗಿಡ ಸೀಳಿ ನೋಡಿ

2022-23ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ (ಗಿಡ ಬಾಡಿ ಒಣಗಿ ಸಾಯುವ ರೋಗ) ಎಂಥ ಹೊಡೆತ ಕೊಟ್ಟಿತು ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಸರ್ಕಾರ ಪರಿಹಾರ ಘೋಷಿಸುವ ಮಟ್ಟಕ್ಕೆ ಹೋಯಿತು. ಇದಕ್ಕೆ ಕಾರಣ ಫ್ಯುಸೇರಿಯಂ ಅನ್ನುವ ಶಿಲೀಂಧ್ರ. ಅದು ಮಣ್ಣಿನಲ್ಲಿ, ಸತ್ತ ಗಿಡದ ಬೇರು ಮತ್ತು ಬುಡದಲ್ಲಿ ಮೂರು ವರ್ಷದವರೆಗೂ ಬದುಕಿರುತ್ತದೆ. ರೋಗದ ಗಿಡವನ್ನು ಪುಡಿ ಮಾಡಿ ಹೊಲದ ತುಂಬ ಹರಡಿದರೆ ನಾವೇ ರೋಗ ಬಿತ್ತಿದ ಹಾಗೆ.

ಅದಕ್ಕೇ ನಿರ್ಧಾರಕ್ಕೂ ಮೊದಲು ಹೊಲದಲ್ಲಿ ಒಂದು ಸುತ್ತು ಹಾಕಿ. ನಾಲ್ಕೂ ಮೂಲೆ, ನಡುವೆ, ನೀರು ನಿಲ್ಲುವ ತಗ್ಗು, ಎಲ್ಲ ಕಡೆಯಿಂದ ಒಂದೊಂದು ಗಿಡ ಬೇರು ಸಮೇತ ಕಿತ್ತುಕೊಳ್ಳಿ. ಬುಡದ ತೊಗಟೆ ನೋಡಿ. ನೆಟೆ ಬಂದ ಗಿಡದಲ್ಲಿ ನೆಲದಿಂದ ಮೇಲಕ್ಕೆ ನೇರಳೆ ಕಂದು ಪಟ್ಟಿ ಒಂದು ಹತ್ತಿರುತ್ತದೆ. ಒಣಗಿದ ಮೇಲೆ ಪಟ್ಟಿ ಮಾಸಿರಬಹುದು. ಆಗ ಕೊಡಲಿಯಿಂದ ಬುಡವನ್ನು ಉದ್ದಕ್ಕೆ ಸೀಳಿ. ಆರೋಗ್ಯದ ಗಿಡದ ಒಳಗೆ ತಿಳಿ ಹಳದಿ ಬಿಳಿ ಬಣ್ಣ ಒಂದೇ ಸಮ ಇರುತ್ತದೆ. ರೋಗದ ಗಿಡದಲ್ಲಿ ತೊಗಟೆಯ ಕೆಳಗೆ ಪೆನ್ಸಿಲ್ಲಿನಿಂದ ಗೀಚಿದಂಥ ಕಂದು, ಕಪ್ಪು ಗೆರೆಗಳು ಬೇರಿನಿಂದ ಮೇಲಕ್ಕೆ ಓಡಿರುತ್ತವೆ. ಒಮ್ಮೆ ಕಂಡರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ.

ಗಿಡ ಹೂ ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗ ಬೇರೆ ವಿಷಯ. ಅದು ನುಸಿಯಿಂದ ಹರಡುವ ನಂಜು, ಜೀವಂತ ಗಿಡ ಬೇಕು. ಒಣ ಕಟ್ಟಿಗೆಯಿಂದ ಭಯ ಇಲ್ಲ. ಆದರೆ ಕೊಯ್ದ ಮೋಟು ಬೇಸಿಗೆ ಮಳೆಗೆ ಚಿಗುರಿದರೆ ನುಸಿಗೆ ಅದೇ ಮನೆಯಾಗುತ್ತದೆ. ಬದುವಿನ ಮೇಲೆ ತಾನಾಗೇ ಹುಟ್ಟಿದ ತೊಗರಿ ಗಿಡವೂ ಅಷ್ಟೇ. ಯಾವ ದಾರಿ ಆರಿಸಿದರೂ ಇವನ್ನು ಕಿತ್ತು ಹಾಕಿ.

ಇಲ್ಲಿ ಒಂದು ದೊಡ್ಡ ತಪ್ಪು ನಂಬಿಕೆ ಇದೆ: "ಬೆಂಕಿ ಹಾಕಿದ್ರ ರೋಗ ಸುಟ್ಟು ಹೋಗ್ತದ." ಹೊಲದ ಮೇಲೆ ಓಡುವ ಬೆಂಕಿಯ ಬಿಸಿ ಮಣ್ಣಿನೊಳಗೆ ಬೆರಳಿನ ಒಂದೆರಡು ಗೆಣ್ಣಿನಷ್ಟು ಇಳಿದರೆ ಹೆಚ್ಚು. ನೆಟೆಯ ಶಿಲೀಂಧ್ರ ಬೇರಿನಲ್ಲಿ ಅದಕ್ಕಿಂತ ಕೆಳಗೆ ಕೂತಿರುತ್ತದೆ. ಕಾಂಡ ಬೂದಿಯಾಗುತ್ತದೆ, ಬೇರು ಹಾಗೇ ಇರುತ್ತದೆ. ರೋಗಕ್ಕೆ ಕೆಲಸ ಮಾಡುವುದು ಬೇರು ಸಮೇತ ಕೀಳುವುದು, ಮಾಗಿ ಉಳುಮೆ ಮಾಡಿ ಬೇಸಿಗೆ ಬಿಸಿಲಿಗೆ ಮಣ್ಣು ಒಡ್ಡುವುದು, ಜೋಳ ಹಾಕಿ ಬೆಳೆ ಬದಲಿಸುವುದು, ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಅನ್ನುವ ಒಳ್ಳೆಯ ಶಿಲೀಂಧ್ರದಿಂದ ಬೀಜೋಪಚಾರ, ಟಿಎಸ್-3ಆರ್ ಥರದ ನೆಟೆ ತಡೆಯುವ ತಳಿ.

ಅಂದರೆ ರೋಗ ಕಂಡ ಭಾಗದ ಗಿಡ ಕಿತ್ತು ಬೇರೆ ಗುಡ್ಡೆ ಮಾಡಿ. ಆ ಗುಡ್ಡೆ ಒಲೆಗೆ ಅಥವಾ ಇದ್ದಿಲಿಗೆ. ಮಣ್ಣಿಗಂತೂ ಬೇಡ, ಗೊಬ್ಬರದ ತಿಪ್ಪೆಗೂ ಬೇಡ. ಉಳಿದದ್ದಕ್ಕೆ ಮುಂದಿನ ಆಯ್ಕೆಗಳು.

ಪುಡಿ ಮಾಡಿ ಮಣ್ಣಿಗೆ ಸೇರಿಸುವುದು

ಟ್ರ್ಯಾಕ್ಟರಿಗೆ ಜೋಡಿಸುವ ಶ್ರೆಡ್ಡರ್ ಅಥವಾ ಮಲ್ಚರ್ ಬೇಕು. ಸಾದಾ ರೋಟಾವೇಟರ್ ಸಾಲದು, ಅದು ಹೆಬ್ಬೆರಳು ದಪ್ಪದ ಕಟ್ಟಿಗೆಯನ್ನು ತುಂಡು ಮಾಡುವ ಬದಲು ಎತ್ತಿ ಎಸೆಯುತ್ತದೆ. ಚೂರು ಎರಡು ಮೂರು ಇಂಚಿಗಿಂತ ದೊಡ್ಡದಿದ್ದರೆ ಮುಂಗಾರು ಬಿತ್ತನೆ ಹೊತ್ತಿಗೂ ಕರಗಿರುವುದಿಲ್ಲ, ಕೂರಿಗೆಗೆ ಸಿಕ್ಕಿಕೊಳ್ಳುತ್ತದೆ. ಯಂತ್ರ ಕೊಳ್ಳುವುದು ಸಣ್ಣ ರೈತನಿಗೆ ದಂಡ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ. ಅಲ್ಲಿ ಇಲ್ಲದಿದ್ದರೆ ಖಾಸಗಿಯವರು ಗಂಟೆ ಲೆಕ್ಕದಲ್ಲಿ ಬರುತ್ತಾರೆ. ನಾಲ್ಕೈದು ಜನ ಅಕ್ಕಪಕ್ಕದವರು ಒಂದೇ ದಿನ ಕರೆಸಿದರೆ ಬಂದು ಹೋಗುವ ಖರ್ಚು ಹಂಚಿ ಹೋಗುತ್ತದೆ.

ಲಾಭ ನಿಧಾನ. ಇದನ್ನು ಮುಚ್ಚಿಡುವುದು ಬೇಡ. ಕಟ್ಟಿಗೆ ಬಿರುಸು, ನಮ್ಮ ಬೇಸಿಗೆ ಒಣ, ಮಣ್ಣಿನಲ್ಲಿ ಹಸಿ ಇರುವುದಿಲ್ಲ. ಫೆಬ್ರುವರಿಯಲ್ಲಿ ಪುಡಿ ಮಾಡಿದ್ದು ಮೇ ತಿಂಗಳ ಮಳೆವರೆಗೆ ಹೆಚ್ಚುಕಡಿಮೆ ಹಾಗೇ ಬಿದ್ದಿರುತ್ತದೆ. ಮಳೆ ಬಿದ್ದ ಮೇಲೆ ಕೊಳೆಯಲು ಶುರುವಾದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಮೊದಲು ತಿನ್ನುತ್ತವೆ. ಆ ಹೊಲಕ್ಕೆ ಕೂಡಲೇ ಜೋಳವನ್ನೋ ಸಜ್ಜೆಯನ್ನೋ ಬಿತ್ತಿದರೆ ಎಳೆ ಪೈರು ಹಳದಿಯಾಗುತ್ತದೆ. ಹೆಸರು, ಉದ್ದು, ತೊಗರಿ ಬಿತ್ತಿದರೆ ಅಷ್ಟು ತೊಂದರೆ ಇಲ್ಲ, ಅವು ಗಾಳಿಯ ಸಾರಜನಕ ಹಿಡಿಯುವ ಬೆಳೆ. ಹಾಗಾಗಿ ಪುಡಿ ಮಾಡುವ ವರ್ಷ ಮುಂಗಾರಿಗೆ ಹೆಸರು ಹಾಕುವುದು ಜಾಣತನ.

ಕಸ ಕೊಳೆಸುವ ಸೂಕ್ಷ್ಮಜೀವಿಗಳಿರುವ ವೇಸ್ಟ್ ಡೀಕಂಪೋಸರ್ ಬಾಟಲಿ ತಂದು ಬೆಲ್ಲದ ನೀರಿನಲ್ಲಿ ಬೆಳೆಸಿ ಸಿಂಪಡಿಸುವವರಿದ್ದಾರೆ. ಅಗ್ಗ, ಮಾಡಿ ನೋಡಬಹುದು. ಆದರೆ ಒಣ ಹೊಲಕ್ಕೆ ಸಿಂಪಡಿಸಿದರೆ ಏನೂ ಆಗುವುದಿಲ್ಲ. ಅದು ಜೀವಂತ ವಸ್ತು, ಹಸಿ ಬೇಕು. ಮಳೆ ಬಿದ್ದು ಮಣ್ಣು ನೆನೆದ ಮೇಲೆ ಹಾಕಿ. ಪೂಸಾ ಡೀಕಂಪೋಸರ್ ಹೆಸರೂ ಕೇಳಿರುತ್ತೀರಿ. ಅದನ್ನು ಮಾಡಿದ್ದು ಮುಖ್ಯವಾಗಿ ಭತ್ತದ ಹುಲ್ಲಿಗೆ. ತೊಗರಿ ಕಟ್ಟಿಗೆಯ ಮೇಲೆ ಅದೇ ವೇಗ ನಿರೀಕ್ಷಿಸಬೇಡಿ.

ಒಲೆಗೆ ಒಯ್ಯುವುದು

ಹಳೇ ದಾರಿ, ಇವತ್ತಿಗೂ ಕೆಟ್ಟದ್ದಲ್ಲ. ಒಣ ತೊಗರಿ ಕಟ್ಟಿಗೆ ಕೆಜಿಗೆ ಸುಮಾರು 4,000 ಕಿಲೋ ಕ್ಯಾಲೊರಿ ಶಾಖ ಕೊಡುತ್ತದೆ. ಜಾಲಿ ಕಟ್ಟಿಗೆಗೆ ಹತ್ತಿರ ಹತ್ತಿರ. ಬೇಗ ಹತ್ತುತ್ತದೆ, ಬೂದಿ ಕಡಿಮೆ. ಜೋಳದ ರೊಟ್ಟಿಗೆ ಬೇಕಾದ ಜೋರು ಉರಿ ಇದರಿಂದ ಬರುತ್ತದೆ ಅಂತ ನಮ್ಮ ಮನೆ ಹೆಂಗಸರು ಗ್ಯಾಸ್ ಬಂದ ಮೇಲೂ ಒಂದು ಬಣವೆ ಇಟ್ಟುಕೊಳ್ಳುತ್ತಾರೆ. ಚಹಾ, ಸಾರು ಗ್ಯಾಸಿನ ಮೇಲೆ. ರೊಟ್ಟಿ ಮತ್ತು ಹಂಡೆ ನೀರು ಕಟ್ಟಿಗೆಯ ಮೇಲೆ. 2016ರಲ್ಲಿ ಉಜ್ವಲಾ ಬಂದ ಮೇಲೂ ಸಿಲಿಂಡರ್ ತುಂಬಿಸುವ ಖರ್ಚು ನೋಡಿ ಬಹಳ ಮನೆಗಳಲ್ಲಿ ಹೀಗೇ ನಡೆದಿದೆ.

ಆದರೆ ಒಂದು ಮಾತು ಖಡಕ್ಕಾಗಿ ಹೇಳಬೇಕು. ಹೊಲದಲ್ಲಿ ಸುಟ್ಟ ಒಂದು ಕೆಜಿಗಿಂತ ಅಡುಗೆಮನೆಯಲ್ಲಿ ಸುಟ್ಟ ಒಂದು ಕೆಜಿ ಜಾಸ್ತಿ ಹಾನಿ ಮಾಡುತ್ತದೆ. ಹೊಲದ ಹೊಗೆ ಬಯಲಿಗೆ ಹೋಗಿ ತೆಳುವಾಗುತ್ತದೆ. ಒಲೆಯ ಹೊಗೆ ಕಿಟಕಿ ಇಲ್ಲದ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳ ಮೂಗಿನ ಮುಂದೆ ನಿಲ್ಲುತ್ತದೆ. ಪಕ್ಕದಲ್ಲಿ ಕೂಸು ಕೂತಿರುತ್ತದೆ. ಹೊಲ ಸುಡಲಿಲ್ಲ, ಪರಿಸರ ಉಳಿಸಿದೆ ಅಂತ ಗಂಡಸರು ಹೇಳಿಕೊಂಡು ಆ ಹೊಗೆಯನ್ನು ಮನೆಯವಳಿಗೆ ಕುಡಿಸಿದರೆ ಅದು ಲೆಕ್ಕಕ್ಕೆ ಬರುವ ಉಳಿತಾಯವೇ ಅಲ್ಲ. ಒಲೆ ಅಂಗಳದಲ್ಲಿ ಇಡಿ, ಇಲ್ಲವೇ ಸರಿಯಾದ ಹೊಗೆ ಕೊಳವೆ ಹಾಕಿಸಿ. ಕಟ್ಟಿಗೆ ಪೂರ್ತಿ ಒಣಗಿರಲಿ. ಹಸಿ ಕಟ್ಟಿಗೆಯ ಹೊಗೆ ಎರಡು ಪಟ್ಟು ಕಣ್ಣುರಿ.

ಒಂದು ಮನೆಗೆ ವರ್ಷಕ್ಕೆ ಬೇಕಾಗುವುದು ಎಕರೆ ಒಂದೂವರೆಯ ಕಟ್ಟಿಗೆ ಇರಬಹುದು. ನಾಲ್ಕು ಎಕರೆಯದ್ದು ಒಲೆ ಒಂದರಿಂದಲೇ ಮುಗಿಯುವುದಿಲ್ಲ.

ಇದ್ದಿಲು ಮಾಡುವುದು

ಇತ್ತೀಚೆಗೆ ಬಯೋಚಾರ್ ಅಂತ ಎಲ್ಲ ಸಭೆಯಲ್ಲೂ ಕೇಳಿಬರುವ ಹೆಸರು ಇದೇ. ಗಾಳಿ ಕಡಿಮೆ ಕೊಟ್ಟು ಕಟ್ಟಿಗೆಯನ್ನು ಬೂದಿಯಾಗದಂತೆ ಸುಡುವುದು. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ ಕ್ರಿಡಾ ಇದಕ್ಕೆಂದೇ ಕಬ್ಬಿಣದ ಡ್ರಮ್ಮಿನ ಭಟ್ಟಿ ಮಾಡಿದೆ. ತೊಗರಿ, ಹತ್ತಿ, ಮೆಕ್ಕೆಜೋಳ, ಔಡಲದ ಕಟ್ಟಿಗೆಗೆ ಹೊಂದುತ್ತದೆ. ಡ್ರಮ್ ಇಲ್ಲದೆ ಗುಂಡಿಯಲ್ಲೂ ಮಾಡಬಹುದು.

ಗುಂಡಿ ಮೇಲೆ ಅಗಲ, ಕೆಳಗೆ ಕಿರಿದು ಇರಬೇಕು. ಸೊಂಟದ ಎತ್ತರದ ಆಳ ಸಾಕು. ತಳದಲ್ಲಿ ಸ್ವಲ್ಪ ಕಟ್ಟಿಗೆ ಇಟ್ಟು ಮೇಲಿನಿಂದ ಹಚ್ಚಿ. ಚೆನ್ನಾಗಿ ಹತ್ತಿಕೊಂಡು ಕಟ್ಟಿಗೆಯ ಮೇಲೆ ಬಿಳಿ ಬೂದಿಯ ತೆಳು ಪೊರೆ ಕಾಣಿಸಿದ ಕೂಡಲೇ ಮುಂದಿನ ಪದರ ಹಾಕಿ. ಅದಕ್ಕಿಂತ ಮೊದಲೇ ಹಾಕಿದರೆ ಉರಿ ಸತ್ತು ದಟ್ಟ ಹೊಗೆ ಬರುತ್ತದೆ. ತಡವಾದರೆ ಕೆಳಗಿನದು ಬೂದಿಯಾಗುತ್ತದೆ. ಮೇಲೆ ಉರಿ ನಿಂತಿರುವವರೆಗೆ ಕೆಳಗಿನ ಪದರಕ್ಕೆ ಗಾಳಿ ಸಿಗುವುದಿಲ್ಲ, ಕೆಳಗಿಂದ ಬರುವ ಹೊಗೆಯೂ ಅದೇ ಉರಿಯಲ್ಲಿ ಸುಟ್ಟು ಹೋಗುತ್ತದೆ. ಸರಿಯಾಗಿ ನಡೆಯುತ್ತಿರುವ ಗುಂಡಿಯ ಪಕ್ಕ ನಿಂತರೆ ಮುಖಕ್ಕೆ ಬಿಸಿ ತಾಗುತ್ತದೆ, ಕಣ್ಣು ಉರಿಯುವುದಿಲ್ಲ. ಹೊಗೆ ಕಾಣಿಸಿತು ಅಂದರೆ ಕೈ ಅವಸರ ಮಾಡಿದೆ ಅಂತಲೇ. ಗುಂಡಿ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಬೇಕು. ನೀರಿಲ್ಲದಿದ್ದರೆ ಮಣ್ಣು ಮುಚ್ಚಿ, ಮರುದಿನವೂ ಒಳಗೆ ಕೆಂಡ ಇರುತ್ತದೆ, ಹುಷಾರು.

ಒಂದು ಟನ್ ಕಟ್ಟಿಗೆಗೆ 200ರಿಂದ 250 ಕೆಜಿ ಇದ್ದಿಲು ಸಿಗುತ್ತದೆ. ಅದರಲ್ಲಿ ಮುಕ್ಕಾಲಿಗೆ ಹತ್ತಿರ ಶುದ್ಧ ಇಂಗಾಲ. ಅದು ಮಣ್ಣಿನಲ್ಲಿ ನೂರಾರು ವರ್ಷ ಕರಗದೆ ಉಳಿಯುತ್ತದೆ. ಲೆಕ್ಕ ಹಾಕಿದರೆ ಟನ್ ಕಟ್ಟಿಗೆಗೆ ಸುಮಾರು 550 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗದಂತೆ ತಡೆದ ಹಾಗೆ. ಹವಾಮಾನದ ಲೆಕ್ಕವೊಂದನ್ನೇ ನೋಡಿದರೆ ಈ ಪಟ್ಟಿಯಲ್ಲಿ ಇದೇ ಮೊದಲು.

ಹಾಗಾದರೆ ಎಲ್ಲರೂ ಇದನ್ನೇ ಮಾಡಬೇಕಾ? ನನಗೆ ಹಾಗನ್ನಿಸುವುದಿಲ್ಲ. ಇದ್ದಿಲು ಕ್ಷಾರ ಗುಣದ್ದು. ನಮ್ಮ ಎರೆಮಣ್ಣಿನ ರಸಸಾರ (ಪಿಎಚ್) ಬಹುಪಾಲು 8ರ ಮೇಲೇ ಇರುತ್ತದೆ. ಹುಳಿ ಮಣ್ಣಿರುವ ಮಲೆನಾಡಿನಲ್ಲಿ ಇದ್ದಿಲು ಹಾಕಿ ಬೆಳೆ ಜಾಸ್ತಿ ಬಂತು ಅನ್ನುವ ಸುದ್ದಿ ನಮಗೆ ಹಾಗೇ ಅನ್ವಯಿಸುವುದಿಲ್ಲ. ಇನ್ನು ಕೆಲಸ: ಬಿಸಿಲಿನಲ್ಲಿ ಬೆಂಕಿಯ ಪಕ್ಕ ಇಡೀ ದಿನ ಇಬ್ಬರು ನಿಲ್ಲಬೇಕು. ರೋಗದ ಗುಡ್ಡೆಯನ್ನು ವಿಲೇವಾರಿ ಮಾಡಲು ಇದು ಒಳ್ಳೆಯ ದಾರಿ. ಬಂದ ಇದ್ದಿಲನ್ನು ನೇರ ಹೊಲಕ್ಕೆ ಸುರಿಯದೆ ಸಗಣಿ ಗುಂಡಿಗೆ, ದನದ ಗಂಜಲಕ್ಕೆ ಬೆರೆಸಿ ಕೆಲವು ತಿಂಗಳು ಬಿಟ್ಟು ಹಾಕಿ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿನವರು ನಮಗಿಂತ ಧೈರ್ಯವಾಗಿ ಪ್ರಯೋಗ ಮಾಡಬಹುದು.

ಮಾರುವುದು

ಬ್ರಿಕೆಟ್ (ಕಟ್ಟಿಗೆ ಪುಡಿಯನ್ನು ಒತ್ತಿ ಮಾಡಿದ ಉರುವಲು ತುಂಡು) ಮಾಡುವ ಘಟಕಗಳು ತೊಗರಿ, ಹತ್ತಿ ಕಟ್ಟಿಗೆ ಕೊಳ್ಳುತ್ತವೆ. ಕಲ್ಲಿದ್ದಲಿನ ಬದಲು ಬಾಯ್ಲರಿಗೆ ಹೋಗುವುದರಿಂದ ಪರಿಸರಕ್ಕೂ ಒಳ್ಳೆಯದು. ತೊಂದರೆ ಸಾಗಣೆಯದ್ದು. ಇಡೀ ಕಟ್ಟಿಗೆ ಟ್ರಾಲಿ ತುಂಬ ಕಾಣುತ್ತದೆ, ತೂಗಿದರೆ ಏನೂ ಇರುವುದಿಲ್ಲ. ಡೀಸೆಲ್ ಖರ್ಚು ಕಟ್ಟಿಗೆಯ ಬೆಲೆಯನ್ನೇ ನುಂಗುತ್ತದೆ. ಹೊಲದಲ್ಲೇ ಪುಡಿ ಮಾಡಿ ತುಂಬಿಕೊಂಡು ಹೋಗುವವರು ಸಿಕ್ಕರೆ ಕೊಡಿ. ಅವರು ದುಡ್ಡು ಕೊಡದೆ "ಹೊಲ ಸ್ವಚ್ಛ ಮಾಡಿ ಕೊಡ್ತೀವಿ" ಅಂದರೂ ನಷ್ಟ ಇಲ್ಲ. ಮಾತು ಮೊದಲೇ ಆಗಲಿ: ಯಾವ ತಾರೀಕಿಗೆ ಬರುತ್ತಾರೆ, ಬುಡ ಕಿತ್ತು ಒಯ್ಯುತ್ತಾರಾ ಅಥವಾ ಮೇಲಿನದು ಮಾತ್ರಾನಾ. ತೊಗರಿ ಹೊಟ್ಟು ಮಾತ್ರ ಕೊಡಬೇಡಿ, ಅದು ದನದ ಮೇವು. ಉದುರಿದ ಎಲೆಯೂ ಹೊಲದಲ್ಲೇ ಇರಲಿ. ತೊಗರಿ ಮಣ್ಣಿಗೆ ಕೊಡುವ ಸತ್ವದಲ್ಲಿ ದೊಡ್ಡ ಪಾಲು ಆ ಎಲೆಯದ್ದು. ಹೊಲಕ್ಕೆ ಬೆಂಕಿ ಹಾಕಿದಾಗ ಮೊದಲು ಉರಿದು ಹೋಗುವುದೂ ಅದೇ.

ನಾಲ್ಕು ಎಕರೆ ತೊಗರಿಯವರು ಏನು ಮಾಡಬೇಕು?

ನನ್ನ ಆಯ್ಕೆ ಹೀಗೆ. ರೋಗದ ಗಿಡ ಕಿತ್ತು ಇದ್ದಿಲಿಗೆ. ಒಲೆಗೆ ಬೇಕಾದಷ್ಟು ಮನೆಗೆ. ಉಳಿದದ್ದಕ್ಕೆ ಶ್ರೆಡ್ಡರ್ ಸಿಕ್ಕರೆ ಪುಡಿ, ಸಿಗದಿದ್ದರೆ ಬದುವಿನ ಮೇಲೆ ಒಟ್ಟಿ ಇಟ್ಟು ಮುಂದಿನ ವರ್ಷ ನೋಡುವುದು. ಹೌದು, ಒಟ್ಟಿ ಇಡುವುದೂ ಒಂದು ಆಯ್ಕೆಯೇ. ಹೊಲ ಖಾಲಿಯಾಗಬೇಕು ಅಷ್ಟೇ ತಾನೇ? ಗೆದ್ದಲು ಹತ್ತಿ ಎರಡು ಮಳೆಗಾಲದಲ್ಲಿ ಅರ್ಧ ಕರಗುತ್ತದೆ. ಗಿಡದ ಸುತ್ತ ಬೇಲಿಗೆ, ಕುರಿ ತಟ್ಟಿಗೆ ಯಾರಾದರೂ ಕೇಳಿಕೊಂಡು ಬರುತ್ತಾರೆ. ಹೊಲ ಪೂರ್ತಿ ನೆಟೆ ಬಿದ್ದಿದ್ದರೆ ಪುಡಿ ಮಾಡುವ ಮಾತೇ ಬೇಡ. ಎಲ್ಲ ಕಿತ್ತು ಹೊರಗೆ ಸಾಗಿಸಿ, ಮೂರು ವರ್ಷ ಆ ಹೊಲಕ್ಕೆ ತೊಗರಿ ಬಿಟ್ಟು ಬಿಡಿ.

ಕಬ್ಬಿನ ರವದಿ

ಇಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಆಳಂದ, ಅಫಜಲಪುರ, ಬೀದರಿನ ಕಬ್ಬಿನವರು ರವದಿ ಸುಡುವುದಕ್ಕೆ ಒಂದೂ ಸರಿಯಾದ ಕಾರಣ ಇಲ್ಲ. ರವದಿ ತೆಳು, ಹೊಲದಲ್ಲಿ ನೀರಿದೆ, ಕೊಳೆಯಲು ಬೇಕಾದದ್ದೆಲ್ಲ ಅಲ್ಲೇ ಇದೆ.

ಎಕರೆಗೆ ಮೂರು ನಾಲ್ಕು ಟನ್ ರವದಿ ಬೀಳುತ್ತದೆ. ಅದರಲ್ಲಿ ಸಾರಜನಕ ಅರ್ಧ ಪರ್ಸೆಂಟಿನೊಳಗೆ. ನಾಲ್ಕು ಟನ್ನಿನಿಂದ 16ರಿಂದ 20 ಕೆಜಿ. 45 ಕೆಜಿಯ ಒಂದು ಚೀಲ ಯೂರಿಯಾದಲ್ಲೂ ಇರುವುದು ಅಷ್ಟೇ. ಹಾಗಾಗಿ "ರವದಿ ಉಳಿಸಿದರೆ ಗೊಬ್ಬರವೇ ಬೇಡ" ಅನ್ನುವವರ ಮಾತು ನಂಬಬೇಡಿ. ನಿಜವಾದ ಲಾಭ ನೀರಿನದ್ದು. ಮಾರ್ಚ್‌ನಿಂದ ಮೇವರೆಗೆ ಬೋರ್ ಬತ್ತುವ ಕಾಲದಲ್ಲಿ ರವದಿ ಮುಚ್ಚಿದ ನೆಲ ಬೇಗ ಒಣಗುವುದಿಲ್ಲ, ಕಳೆ ಏಳುವುದಿಲ್ಲ. ಎಳೆ ಕೂಳೆಗೆ (ಕಟಾವಿನ ಮೇಲೆ ಬುಡದಿಂದ ಮತ್ತೆ ಚಿಗುರುವ ಕಬ್ಬು) ಬೀಳುವ ಸುಳಿ ಕೊರಕವೂ ಕಡಿಮೆ.

ಮಾಡುವ ಕ್ರಮ ಸರಳ. ಕಟಾವಾದ ಕೂಡಲೇ ಕೂಳೆಯನ್ನು ನೆಲಮಟ್ಟಕ್ಕೆ ಕತ್ತರಿಸಿ. ರವದಿಯನ್ನು ಸಾಲು ಬಿಟ್ಟು ಸಾಲಿಗೆ ಒತ್ತಿ ಹಾಕಿ, ಖಾಲಿ ಸಾಲಿನಲ್ಲಿ ನೀರು ಹಾಯಿಸಿ. ಡ್ರಿಪ್ ಇದ್ದರೆ ಇನ್ನೂ ಸಲೀಸು. ಟನ್ ರವದಿಗೆ 8 ಕೆಜಿ ಯೂರಿಯಾ, 10 ಕೆಜಿ ಸೂಪರ್ ಫಾಸ್ಫೇಟ್, ಒಂದು ಕೆಜಿ ಕೊಳೆಸುವ ಜೀವಾಣು ಗೊಬ್ಬರ ಎರಚಿ ನೀರು ಕೊಟ್ಟರೆ ಬೇಗ ಕರಗುತ್ತದೆ. ಯೂರಿಯಾ ಕೊಡದೆ ಬಿಟ್ಟವರೇ ಆಮೇಲೆ "ರವದಿಯಿಂದ ಕಬ್ಬು ಹಳದಿ ಬಿತ್ತು" ಅಂತ ಬೈಯುವುದು. ಗೆದ್ದಲು ಇರುವ ಹೊಲದಲ್ಲಿ ಕೂಳೆಯ ಬುಡಕ್ಕೆ ರವದಿ ತಾಗದಂತೆ ಒಂದು ಗೇಣು ಬಿಡಿ.

ಸುಡುವವರು ಹಾವಿನ ಭಯ ಹೇಳುತ್ತಾರೆ. ಸುಳ್ಳಲ್ಲ. ರವದಿ ಹೊದ್ದ ಗದ್ದೆಯಲ್ಲಿ ಇಲಿ ಇರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ನೀರು ಹಾಯಿಸಲು ಹೋಗುವವರಿಗೆ ಬ್ಯಾಟರಿ ಮತ್ತು ಮೊಣಕಾಲುದ್ದದ ಬೂಟು ಬೇಕು. ಅದರ ಖರ್ಚನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಹತ್ತಿ ಕಟ್ಟಿಗೆ ಮತ್ತು ಭತ್ತ

ನಾರಾಯಣಪುರ ಎಡದಂಡೆ ಕಾಲುವೆ ಕೆಳಗಿನ ಶಹಾಪುರ, ಸುರಪುರ, ಹುಣಸಗಿಯ ಹತ್ತಿ ರೈತರಿಗೆ ಪ್ರಶ್ನೆ ಬೇರೆ. ಇಲ್ಲಿ ತಡ ಮಾಡುವುದೇ ದೊಡ್ಡ ತಪ್ಪು. ಕಟ್ಟಿಗೆಯಲ್ಲಿ ಉಳಿದ ಒಣ ಕಾಯಿಗಳೊಳಗೆ ಗುಲಾಬಿ ಕಾಯಿಕೊರಕದ ಹುಳು ಮಲಗಿರುತ್ತದೆ. ತೊಗರಿ ಕಟ್ಟಿಗೆಯ ಹಾಗೆ ಇದನ್ನು ಜೂನ್‌ವರೆಗೆ ಬದುವಿನ ಮೇಲೆ ಒಟ್ಟಿ ಇಟ್ಟರೆ ಹೊಸ ಹತ್ತಿ ಹೂ ಬಿಡುವ ಹೊತ್ತಿಗೆ ಪತಂಗ ಅಲ್ಲಿಂದಲೇ ಹಾರಿ ಬರುತ್ತದೆ. ಮೇಲೆ ಹೇಳಿದ "ಒಟ್ಟಿ ಇಡಿ" ಅನ್ನುವ ಮಾತು ಹತ್ತಿಗೆ ಅನ್ವಯಿಸುವುದಿಲ್ಲ.

ಕೊನೆಯ ಬಿಡಿಸುವಿಕೆ ಮುಗಿದ ಕೂಡಲೇ ಕುರಿ ಬಿಟ್ಟು ಎಲೆ ಮತ್ತು ಉಳಿದ ಕಾಯಿ ಮೇಯಿಸಿ. ಆಮೇಲೆ ಶ್ರೆಡ್ಡರ್. ಹತ್ತಿಗೆ ಇದೇ ಮೊದಲ ಆಯ್ಕೆ, ಯಾಕೆಂದರೆ ಪುಡಿಯಾಗುವಾಗ ಹುಳುವೂ ಸಾಯುತ್ತದೆ. ಯಂತ್ರ ಇಲ್ಲದಿದ್ದರೆ ಬ್ರಿಕೆಟ್‌ನವರಿಗೆ ಅಥವಾ ಇದ್ದಿಲಿಗೆ. ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ ಇರುವವರು ಯಂತ್ರದ ವಿಷಯ ಅಲ್ಲೇ ಕೇಳಬಹುದು. ಕಲಬುರಗಿ ಕಡೆಯವರಿಗೆ ನಗರದಲ್ಲೊಂದು, ಜೇವರ್ಗಿ ತಾಲ್ಲೂಕಿನ ರದ್ದೇವಾಡಗಿಯಲ್ಲೊಂದು ಕೇಂದ್ರ ಇದೆ. ಬೀದರಿನವರಿಗೆ ಜನವಾಡ.

ಭತ್ತದ ಹುಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಣ ತಾಲ್ಲೂಕುಗಳಲ್ಲಿ ಮೇವಿಗೆ ಪರದಾಡುತ್ತಿರುವಾಗ ಕಾಲುವೆ ಕೆಳಗೆ ಹುಲ್ಲು ಸುಡುವುದು ನೋಡಲಾಗದು. ಬೇಲರ್‌ನಿಂದ ಉಂಡೆ ಕಟ್ಟಿಸಿದರೆ ಕೊಳ್ಳುವವರು ಬಂದೇ ಬರುತ್ತಾರೆ.

ಸುಡಲೇಬೇಕಾದರೆ

ರೋಗದ ಗುಡ್ಡೆಗೆ ಇದ್ದಿಲು ಮಾಡಲು ಆಳಿಲ್ಲ, ಒಯ್ಯಲು ಗಾಡಿಯಿಲ್ಲ ಅನ್ನುವ ಪರಿಸ್ಥಿತಿ ಬರುತ್ತದೆ. ಆಗ ಹೊಲಕ್ಕೆ ಬೆಂಕಿ ಬೇಡ, ಗುಡ್ಡೆಗೆ ಮಾತ್ರ. ಪೂರ್ತಿ ಒಣಗಿರಲಿ. ಸಂಜೆ ಬೇಡ. ಬೆಳಿಗ್ಗೆ 11ರ ಮೇಲೆ, ಮಧ್ಯಾಹ್ನ ಮೂರರೊಳಗೆ ಸುಡಿ. ಆಗ ನೆಲ ಕಾದು ಗಾಳಿ ಮೇಲಕ್ಕೆ ಏಳುತ್ತಿರುತ್ತದೆ, ಹೊಗೆ ಊರಲ್ಲಿ ನಿಲ್ಲುವುದಿಲ್ಲ. ಗಾಳಿ ಜೋರಿದ್ದರೆ ಆ ದಿನ ಬಿಡಿ. ಗುಡ್ಡೆಯ ಸುತ್ತ ಎರಡು ಸಾಲು ನೇಗಿಲು ಹೊಡೆದು ಬರಿ ಮಣ್ಣು ಮಾಡಿ. ಡ್ರಿಪ್ ಪೈಪ್ ಸುತ್ತಿ ಎತ್ತಿಡಿ. ಬದುವಿನ ಬೇವಿನ ಮರದಿಂದ ದೂರ ಇರಲಿ. ಗಾಳಿ ಬೀಸುವ ದಿಕ್ಕಿನಲ್ಲಿ ಯಾರ ಕಣಕಿ ಬಣವೆ ಇದೆಯೋ ಅವರಿಗೆ ಹಿಂದಿನ ದಿನವೇ ಹೇಳಿ. ಆರುವವರೆಗೆ ಒಬ್ಬರು ಅಲ್ಲೇ ಇರಿ, ಎರಡು ಕೊಡ ನೀರು ಪಕ್ಕದಲ್ಲಿರಲಿ.